ಹಿಮದೊಳಗಿನ ಹಸಿರು: ಚಿತ್ರಕಾರ ಫ್ರೀಡ್ರಿಕ್‌ನ ಬದುಕು

ಜರ್ಮನ್ ರಮ್ಯ ಪಂಥದ ಪ್ರಮುಖ ಚಿತ್ರಕಾರನಾದ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1774ರ ಸೆಪ್ಟೆಂಬರ್ 5ರಂದು ಬಾಲ್ಟಿಕ್ ಕರಾವಳಿಯ ಗ್ರೈಫ್ಸ್‌ವಾಲ್ಡ್ ಪಟ್ಟಣದಲ್ಲಿ ಜನಿಸಿದನು. ಆ ಪಟ್ಟಣ ಆಗ ಸ್ವೀಡನ್ನಿನ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಮೇಣದಬತ್ತಿ, ಸಾಬೂನುಗಳ ತಯಾರಕ. ತಾಯಿ 1781ರಲ್ಲಿ ತೀರಿಕೊಂಡಳು. 1787ರಲ್ಲಿ ತಮ್ಮ ನೀರುಪಾಲಾದನು. ಹಿಮಗಡ್ಡೆ ಒಡೆದು ಮುಳುಗುತ್ತಿದ್ದ ಅಣ್ಣನನ್ನು ಉಳಿಸಲು ಹೋಗಿ ಆತ ಸತ್ತನೆಂಬ ಪ್ರತೀತಿಯಿದೆ. ಫ್ರೀಡ್ರಿಕ್‌ನ ಹಿಮಚಿತ್ರಗಳನ್ನು ಈ ಸಾವಿನ ನೆರಳಿನಲ್ಲಿಯೇ ಅರ್ಥೈಸುವ ರೂಢಿ ಬೆಳೆದುಬಂದಿದೆ. ಆದರೆ ಕೃತಿಗಳ ಅರ್ಥ ಅಷ್ಟಕ್ಕೇ ಸೀಮಿತವಲ್ಲ.

ಕೋಪನ್‌ಹೇಗನ್ನಿನ ಅಕಾಡೆಮಿಯಲ್ಲಿ ಕಲಿತ ಈತ 1798ರಿಂದ ಡ್ರೆಸ್ಡನ್ನಿನಲ್ಲಿ ನೆಲೆಸಿದನು. 1810ರಲ್ಲಿ ಪ್ರಶ್ಯದ ಅರಸನು ಈತನ ಎರಡು ಚಿತ್ರಗಳನ್ನು ಕೊಂಡುದರಿಂದ ಕೀರ್ತಿ ಹಬ್ಬಿತು. ಮರುವರ್ಷ ಚಳಿಗಾಲದ ಎರಡು ಭೂದೃಶ್ಯಗಳು ರಚನೆಗೊಂಡವು. ಈಗ ಶ್ವೆರಿನ್ನಿನಲ್ಲಿರುವ ಒಂದರಲ್ಲಿ, ಕಡಿದ ಮರಗಳ ಬೊಡ್ಡೆಗಳ ನಡುವೆ ಊರುಗೋಲು ಹಿಡಿದ ಒಂಟಿ ಮನುಷ್ಯನಿದ್ದಾನೆ. ಇನ್ನೊಂದು ಲಂಡನ್ ಮತ್ತು ಡಾರ್ಟ್‌ಮುಂಡ್‌ಗಳಲ್ಲಿ ಪಾಠಾಂತರಗಳಂತೆ ಉಳಿದಿದೆ. ಅದರಲ್ಲಿ ಊರುಗೋಲುಗಳು ಹಿಮದ ಮೇಲೆ ಬಿದ್ದಿವೆ. ಬಂಡೆಗೊರಗಿದ ಮನುಷ್ಯ ನಿತ್ಯಹಸಿರಿನ ಮರಗಳ ನಡುವಣ ಶಿಲುಬೆಗೆ ಪ್ರಾರ್ಥನೆ ಸಲ್ಲಿಸುತ್ತಿದ್ದಾನೆ. ಮಂಜಿನಾಚೆ ಗಾಥಿಕ್ ಚರ್ಚು ಮೈದೋರುತ್ತದೆ. ಲಂಡನ್ನಿನ ಪ್ರತಿಯಲ್ಲಿ ಹಿಮವನ್ನು ಸೀಳಿ ಹುಲ್ಲಿನ ಎಸಳುಗಳೂ ತಲೆಯೆತ್ತಿವೆ. ಒಂದೇ ಹಿಮ ಅಲ್ಲಿ ಹತಾಶೆ, ಇಲ್ಲಿ ಶ್ರದ್ಧೆ.

1835ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಫ್ರೀಡ್ರಿಕ್ 1840ರ ಮೇ 7ರಂದು ಡ್ರೆಸ್ಡನ್ನಿನಲ್ಲಿ ನಿಧನನಾದನು. ಬಹುಮಟ್ಟಿಗೆ ಮರೆತುಹೋಗಿದ್ದ ಈತನಿಗೆ 1906ರ ಬರ್ಲಿನ್ ಪ್ರದರ್ಶನ ಮರುಮನ್ನಣೆ ತಂದಿತು. ಬಾಲ್ಯದ ದುರಂತವೊಂದರಿಂದಲೇ ಹಿಮವನ್ನು ವಿವರಿಸಹೊರಟರೆ ಆ ಹುಲ್ಲಿನ ಎಸಳುಗಳು ಕಣ್ತಪ್ಪುತ್ತವೆ. ಕೃತಿಕಾರನ ಬದುಕು ಕೃತಿಗೆ ಪ್ರವೇಶವಾಗಬಹುದು. ಅದೇ ಕೃತಿಯ ಕೊನೆಯ ಅರ್ಥವಾಗಲಾರದು.