ಉಳಿಕೆಯನ್ನು ಚೆಲ್ಲದವನು

ಸರ್ ವಿಲಿಯಂ ರ‍್ಯಾಮ್ಸೆ ಜನಿಸಿದುದು 1852ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. ಆತನಿಗೆ ಹದಿಮೂರು ನಡೆಯುತ್ತಿದ್ದಾಗ, 1865ರ ಆಗಸ್ಟ್ ತಿಂಗಳಲ್ಲಿ, ನಮ್ಮ ಬಿಹಾರದ ಶೇರ್ಘಾಟಿಯಲ್ಲಿ ಆಕಾಶದಿಂದ ಒಂದು ಕಲ್ಲು ಬಿದ್ದಿತು. ಆ ಕಲ್ಲಿನ ಕುಲಮೂಲವನ್ನು ಸಾರಬಲ್ಲ ಸಾಕ್ಷಿಗಳನ್ನು ಮುಂದೆ ಲೋಕಕ್ಕೆ ಪರಿಚಯಿಸಿದವನು ಈ ಬಾಲಕನೇ.

ಗಾಳಿಯಿಂದ ಬೇರ್ಪಡಿಸಿದ ಸಾರಜನಕವು ರಾಸಾಯನಿಕ ವಸ್ತುಗಳಿಂದ ಪಡೆದ ಸಾರಜನಕಕ್ಕಿಂತ ಶೇಕಡಾ ಅರ್ಧದಷ್ಟು ಭಾರವಾಗಿರುವುದನ್ನು ಲಾರ್ಡ್ ರ‍್ಯಾಲೆ ಕಂಡಿದ್ದನು. ತಕ್ಕಡಿಯ ದೋಷವೆಂದು ಕೈಬಿಡಬಹುದಾದ ಅಂತರವದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ರ‍್ಯಾಮ್ಸೆ ಅದನ್ನು ಬಿಡಲಿಲ್ಲ. ಕಾದ ಮೆಗ್ನೀಸಿಯಂ ಮೇಲೆ ಗಾಳಿಯ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿದನು. ಲೋಹವು ಸಾರಜನಕವನ್ನೆಲ್ಲ ಹೀರಿದ ಮೇಲೂ ತುಸು ಅನಿಲ ಉಳಿಯಿತು. ಯಾವುದರೊಡನೆಯೂ ಕೂಡದ ಆ ಉಳಿಕೆಯೇ ಆರ್ಗಾನ್. 1894ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಮರುವರ್ಷ ಖನಿಜವೊಂದರಲ್ಲಿ ಹೀಲಿಯಂ ದೊರೆಯಿತು. ಅದೇ ವರ್ಷ ವರ್ಜೀನಿಯದ ಉಲ್ಕಾಲೋಹವೊಂದರಲ್ಲಿಯೂ ರ‍್ಯಾಮ್ಸೆ ಈ ಎರಡನ್ನೂ ಕಂಡನು. 1898ರಲ್ಲಿ ಮಾರಿಸ್ ಟ್ರ್ಯಾವರ್ಸನೊಡನೆ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದನು. 1904ರ ನೊಬೆಲ್ ಪಾರಿತೋಷಕ ಆತನದಾಯಿತು.

ಕನ್ನಡನಾಡಿಗೂ ಆತನ ಋಣವುಂಟು. ಜಮ್‌ಶೇಟ್‌ಜಿ ಟಾಟಾ ಅವರ ವಿಜ್ಞಾನ ಮಂದಿರಕ್ಕೆ ಸ್ಥಳ ನೋಡಲು 1900ರಲ್ಲಿ ಭಾರತಕ್ಕೆ ಬಂದ ರ‍್ಯಾಮ್ಸೆ ಬೆಂಗಳೂರನ್ನು ಸೂಚಿಸಿದನು. ಆ ಸಂಸ್ಥೆಯ ಮೊದಲ ನಿರ್ದೇಶಕನಾಗಿ ಬಂದವನು ಟ್ರ್ಯಾವರ್ಸನೇ.

ಆದರೆ ಅಲ್ಪವನ್ನು ನಂಬಿ ಗೆದ್ದವನು ಅಲ್ಪದಿಂದಲೇ ಎಡವಿದನು. ರೇಡಿಯಂ ಅನಿಲದ ಪ್ರಭಾವದಿಂದ ತಾಮ್ರವು ಲಿಥಿಯಂ ಆಯಿತೆಂದು 1907ರಲ್ಲಿ ಸಾರಿದನು. ಮೇರಿ ಕ್ಯೂರಿ ಗಾಜನ್ನು ಬಿಟ್ಟು ಪ್ಲಾಟಿನಂ ಪಾತ್ರೆಯಲ್ಲಿ ಪ್ರಯೋಗಿಸಿದಾಗ ಲಿಥಿಯಂ ಕಾಣಲಿಲ್ಲ. ಆರ್ಗಾನಿನ ಉಳಿಕೆ ಎಷ್ಟು ಬಾರಿ ಶೋಧಿಸಿದರೂ ಉಳಿದಿತ್ತು, ಇದು ಉಳಿಯಲಿಲ್ಲ.

1916ರಲ್ಲಿ ರ‍್ಯಾಮ್ಸೆ ತೀರಿಕೊಂಡನು. ಅರುವತ್ತು ವರ್ಷಗಳ ತರುವಾಯ, 1976ರಲ್ಲಿ, ವೈಕಿಂಗ್ ನೌಕೆಗಳು ಮಂಗಳನ ಗಾಳಿಯನ್ನು ಅಳೆದವು. ಭೂಮಿಯ ಗಾಳಿಯಲ್ಲಿ ಕ್ಸೆನಾನ್ 129 ಮತ್ತು 132 ಹೆಚ್ಚುಕಡಮೆ ಸಮ. ಮಂಗಳನಲ್ಲಿ ಮೊದಲನೆಯದು ಎರಡನೆಯದರ ಸುಮಾರು ಎರಡೂವರೆ ಪಟ್ಟು. ಶೇರ್ಘಾಟಿಯ ಕಲ್ಲಿನ ಕುಲಕ್ಕೇ ಸೇರಿದ, ಅಂಟಾರ್ಕ್ಟಿಕದಲ್ಲಿ ಸಿಕ್ಕ ಉಲ್ಕೆಯೊಂದರಲ್ಲಿ, ಆಘಾತದ ಬೇಗೆಗೆ ಕರಗಿ ಗಾಜಾದ ಭಾಗಗಳಿದ್ದವು. ಅವುಗಳಲ್ಲಿ ಸೆರೆಸಿಕ್ಕ ಜಡಾನಿಲಗಳನ್ನು 1983ರಲ್ಲಿ ಅಳೆದಾಗ ಬಂದ ಲೆಕ್ಕ ಮಂಗಳನದು. ಯಾರೊಡನೆಯೂ ಬೆರೆಯದ ಅನಿಲಗಳು ತಮ್ಮ ತವರನ್ನು ಮರೆತಿರಲಿಲ್ಲ.