ಬುಧಿ ಕುಂದರನ್: ಎರವಲು ಗ್ಲೌಸ್ ತೊಟ್ಟು ಟೆಸ್ಟ್ ಆಡಿದ ಮೂಲ್ಕಿಯ ಹುಡುಗ

ಚಿಂತಾಮಣಿಯೋ ಶಿಡ್ಲಘಟ್ಟವೋ, ಕ್ರಿಕೆಟ್ ಆಡೋ ಹುಡುಗರು ಎಲ್ಲೇ ಇರಲಿ, ಪ್ರತಿಭೆ ಇದ್ದರೆ ಯಾರೂ ತಡೆಯೋಕಾಗಲ್ಲ ಅನ್ನೋ ಮಾತನ್ನು ಕೇಳಿಯೇ ಬೆಳೆದಿರ್ತಾರೆ. ಅದನ್ನು ನಂಬುವ ಮೊದಲು ವಿಕೆಟ್ ಕೀಪರ್ ಬುಧಿ ಕುಂದರನ್ ಅವರ ಬದುಕನ್ನು ಒಮ್ಮೆ ನೋಡಬೇಕು.

ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು, ಮೂಲ್ಕಿಯಲ್ಲಿ. ಬೆಳೆದದ್ದು ಮುಂಬೈಯಲ್ಲಿ. ಮನೆ ಚಿಕ್ಕದು, ಜನ ಜಾಸ್ತಿ. 1960ರ ಹೊಸ ವರ್ಷದ ದಿನ ಆಸ್ಟ್ರೇಲಿಯಾ ವಿರುದ್ಧ ಬ್ರೆಬೋರ್ನ್ ಮೈದಾನದಲ್ಲಿ ಮೊದಲ ಟೆಸ್ಟ್‌ಗೆ ಇಳಿದಾಗ ಅವರಿಗೆ ಇಪ್ಪತ್ತೇ ವರ್ಷ. ಅಲ್ಲಿಯವರೆಗೆ ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಮನೆಯಲ್ಲಿ ಜಾಗ ಸಾಲದೆ ಹಿಂದಿನ ರಾತ್ರಿ ಪಾರ್ಕಿನಲ್ಲಿ ಮಲಗಿದ್ದರು. ತೊಟ್ಟ ಗ್ಲೌಸ್ ಕೂಡ ಸ್ವಂತದ್ದಲ್ಲ, ಹಿರಿಯ ಕೀಪರ್ ನರೇನ್ ತಮ್ಹಾನೆ ಅವರಿಂದ ಎರವಲು ಪಡೆದದ್ದು. ಮುಂದಿನ ಮದ್ರಾಸ್ ಟೆಸ್ಟ್‌ನಲ್ಲಿ ಇನಿಂಗ್ಸ್ ಆರಂಭಿಸಿ 71 ರನ್ ಹೊಡೆದರು.

ಅವರ ಕಾಲಿಗೆ ನೆಲ ಕೊಟ್ಟದ್ದು ರೈಲ್ವೆ. ರೈಲ್ವೇಸ್ ತಂಡಕ್ಕೆ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಜಮ್ಮು ಮತ್ತು ಕಾಶ್ಮೀರದ ವಿರುದ್ಧ 205 ಬಾರಿಸಿದರು. ಮುಂದೆ ಮೈಸೂರು ತಂಡಕ್ಕೂ ಆಡಿದರು.

1964ರ ಜನವರಿ. ಮದ್ರಾಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್. ಮೊದಲ ದಿನದಾಟ ಮುಗಿದಾಗ ಕುಂದರನ್ ಅಜೇಯ 170. ಮರುದಿನ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ. ಆ ಸರಣಿಯಲ್ಲಿ ಒಟ್ಟು 525 ರನ್. ಭಾರತದ ಕೀಪರ್ ಒಬ್ಬ ಅದಕ್ಕಿಂತ ದೊಡ್ಡ ಇನಿಂಗ್ಸ್ ಆಡೋಕೆ 49 ವರ್ಷ ಬೇಕಾಯಿತು: 2013ರಲ್ಲಿ ಅದೇ ಊರಿನಲ್ಲಿ ಧೋನಿ 224 ಹೊಡೆದರು.

ಇಷ್ಟಾದ ಮೇಲೆ ಜಾಗ ಗಟ್ಟಿಯಾಗಬೇಕಿತ್ತು ತಾನೆ? ಆಗಲಿಲ್ಲ. ಅದೇ ವರ್ಷ ಆಸ್ಟ್ರೇಲಿಯಾ ಬಂದಾಗ ಕೀಪಿಂಗ್ ಮಾಡಿದ್ದು ಜಾಮ್‌ನಗರದ ರಾಜಮನೆತನದ ಇಂದ್ರಜಿತ್‌ಸಿನ್ಹಜಿ. ಅವರೇನು ಕಳಪೆ ಆಟಗಾರರಲ್ಲ. ಫಾರೂಕ್ ಎಂಜಿನಿಯರ್ ಅಂತೂ ಅಪ್ಪಟ ಪ್ರತಿಭಾವಂತ. ಆದರೆ 525 ರನ್ ಹೊಡೆದವನು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗಿ ಬಂದರೆ, ಆಯ್ಕೆಗೆ ಅಳತೆಗೋಲು ಯಾವುದು ಅಂತ ಕೇಳೋದು ತಪ್ಪಲ್ಲ.

1967ರ ಎಜ್‌ಬಾಸ್ಟನ್ ಟೆಸ್ಟೇ ಅವರ ಕೊನೆಯದು. ವೇಗಿಗಳು ಗಾಯಾಳುಗಳಾಗಿದ್ದರಿಂದ ಈ ಕೀಪರ್ ಕೈಗೇ ಹೊಸ ಚೆಂಡು ಬಂತು. ಕೀಪಿಂಗ್ ಎಂಜಿನಿಯರ್ ಪಾಲಾಗಿತ್ತು. 18 ಟೆಸ್ಟ್, 981 ರನ್‌ಗೆ ಲೆಕ್ಕ ಮುಗಿಯಿತು.

ಆಮೇಲೆ ಸ್ಕಾಟ್ಲೆಂಡ್‌ಗೆ ಹೋದರು. ಡ್ರಂಪೆಲಿಯರ್ ಕ್ಲಬ್ ಸೇರಿದರು. ನಲವತ್ತು ದಾಟಿದ ಮೇಲೂ ಬೆನ್ಸನ್ ಅಂಡ್ ಹೆಜಸ್ ಕಪ್‌ನಲ್ಲಿ ಸ್ಕಾಟ್ಲೆಂಡ್ ಪರ ಆಡಿದರು. 2006ರ ಜೂನ್‌ನಲ್ಲಿ, 66ನೇ ವಯಸ್ಸಿನಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

ಇದನ್ನು ಬಡತನ ಗೆದ್ದವನ ಸ್ಫೂರ್ತಿಕಥೆ ಅಂತ ಓದಿ ಚಪ್ಪಾಳೆ ತಟ್ಟೋದು ಸುಲಭ. ಆದರೆ ಕುಂದರನ್ ಮೇಲೆ ಬಂದದ್ದು ಬರೀ ಪ್ರತಿಭೆಯಿಂದಲ್ಲ. ಒಬ್ಬ ಹಿರಿಯ ಗ್ಲೌಸ್ ಕೊಟ್ಟರು, ಒಂದು ಸರ್ಕಾರಿ ಸಂಸ್ಥೆ ಆಡೋಕೆ ತಂಡ ಕೊಟ್ಟಿತು. ಗೌರಿಬಿದನೂರಿನ ಹುಡುಗನೋ ಹುಡುಗಿಯೋ ಬೆಂಗಳೂರಿಗೆ ಹೋಗಿ ಆಯ್ಕೆ ಟ್ರಯಲ್ಸ್‌ನಲ್ಲಿ ಆಡಬೇಕಾದರೂ ಬೇಕಿರೋದು ಅದೇ: ಬಸ್ ಚಾರ್ಜು, ಕಿಟ್, ಹಾಸ್ಟೆಲ್‌ನಲ್ಲೊಂದು ಹಾಸಿಗೆ, ಕ್ರೀಡಾ ಕೋಟಾದ ಕೆಲಸ. ಮುಂದಿನ ಸಲ ವೋಟು ಕೇಳೋಕೆ ಬಂದವರು ಯುವಜನರ ಬಗ್ಗೆ ಭಾಷಣ ಶುರು ಮಾಡಿದರೆ, ಈ ನಾಲ್ಕರ ಲೆಕ್ಕ ಕೇಳೋಣ.