ಪುಟ್ಟು ಹೋಗಿ ಮಾಧು ಆದೆ

ಮನೆಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಪುಟ್ಟು ಅಂತ. ವಯಸ್ಸು ಇಪ್ಪತ್ತಾಯಿತು, ಗಡ್ಡ ಬಂತು, ಬಿಇ ಮೂರನೇ ವರ್ಷಕ್ಕೂ ಬಂದೆ. ಹೆಸರು ಮಾತ್ರ ಪುಟ್ಟು ಆಗಿಯೇ ಉಳಿಯಿತು. ಅಂಥದ್ದರಲ್ಲಿ ಈ ಮಾರ್ಚ್‌ನಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ನನ್ನನ್ನು ಮಾಧು ಎಂದು ಕರೆಯತೊಡಗಿದಳು.

ಆ ವಾರ ಮನೆಯಲ್ಲಿ ಎರಡು ಅನಾಹುತ ಆಗಿದ್ದವು. ಮೊದಲನೆಯದು, ಬಟ್ಟೆ ಒಣಹಾಕಲು ಮಹಡಿಗೆ ಹೋದ ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದು. ಎರಡನೆಯದು, ನನ್ನ ಗಣಿತದ ಬ್ಯಾಕ್‌ಲಾಗ್ ಎರಡನೇ ಸಲವೂ ಪಾಸಾಗದೆ ಹಾಗೇ ಉಳಿದದ್ದು. ಅಪ್ಪ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುತ್ತಾರೆ. ಅಜ್ಜಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಹಾಗಾಗಿ ಹೊಸಹಳ್ಳಿಯ ನಮ್ಮ ಎರಡನೇ ಅಡ್ಡರಸ್ತೆಯ ಮನೆಯ ಅಡುಗೆಮನೆ ನನ್ನ ಪಾಲಿಗೆ ಬಂತು.

ಹಾಲ್‌ನಲ್ಲಿ ಮಲಗಿದ್ದ ಅಮ್ಮ ಅಲ್ಲಿಂದಲೇ ಸೂಚನೆ ಕೊಡುತ್ತಿದ್ದಳು. ಆದರೆ ಅಮ್ಮನ ಪಾಕಶಾಸ್ತ್ರದಲ್ಲಿ ಯೂನಿಟ್‌ಗಳೇ ಇಲ್ಲ. ಉಪ್ಪು ಹಿಡಿಸುವಷ್ಟು, ಹುಣಸೆಹಣ್ಣು ಬೇಕಾದಷ್ಟು, ಸಾರು ಘಮ್ ಅನ್ನುವ ತನಕ ಕುದಿಸಬೇಕು. ಎಂಜಿನಿಯರಿಂಗ್ ಓದುವವನು ಈ ಘಮ್ ಅನ್ನುವುದನ್ನು ಯಾವ ಮೀಟರ್‌ನಲ್ಲಿ ಅಳೆಯಬೇಕು? ಮೊದಲ ದಿನ ಎರಡು ಚಮಚ ಸಾರಿನ ಪುಡಿ ಎಂದದ್ದನ್ನು ಎರಡು ಸೌಟು ಎಂದು ಕೇಳಿಸಿಕೊಂಡೆ. ಅಪ್ಪ ಮಾತಾಡದೆ ಊಟ ಮುಗಿಸಿ ಒಂದು ಚೊಂಬು ನೀರು ಕುಡಿದರು.

ಮೂರನೇ ದಿನ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅಜ್ಜಿ ನನ್ನನ್ನು ಮಾಧು ಅಂದಳು. ಮರೆವು ಶುರುವಾಯಿತೇನೋ ಎಂದು ಹೆದರಿದೆ. ಮರೆವಲ್ಲವಂತೆ. ಅವಳ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಟಿ.ಪಿ. ಕೈಲಾಸಂ ಅವರ 'ಟೊಳ್ಳುಗಟ್ಟಿ' ನಾಟಕ ಆಡಿಸಿದ್ದರಂತೆ. ಅಜ್ಜಿಯದು ಪಾತ್ರವಲ್ಲ, ಪರದೆ ಎಳೆಯುವ ಕೆಲಸ. ನಾಟಕದಲ್ಲಿ ಪುಟ್ಟು, ಮಾಧು ಎಂಬ ಅಣ್ಣತಮ್ಮಂದಿರು. ಪುಟ್ಟು ಪುಸ್ತಕದ ಹುಳು, ಪರೀಕ್ಷೆಗಳಲ್ಲಿ ಮುಂದು, ಅಪ್ಪನಿಗೆ ಅಚ್ಚುಮೆಚ್ಚು. ಮಾಧು ಫೇಲಾದ ಹುಡುಗ.

ನನಗೆ ಸಿಟ್ಟು ಬಂತು. ಒಂದು ಬ್ಯಾಕ್‌ಲಾಗ್‌ಗೆ ಮನೆಯವರೇ ಹೀಗೆ ಹಂಗಿಸಬೇಕೆ? ಅಜ್ಜಿ ನಕ್ಕು, ನಾಟಕ ಪೂರ್ತಿ ಓದಿಕೊಂಡು ಬಂದು ಆಮೇಲೆ ಜಗಳಕ್ಕೆ ನಿಲ್ಲು ಅಂದಳು. ಗ್ರಂಥಾಲಯದಿಂದ ತಂದ ಪುಸ್ತಕವನ್ನು ಹೊಸಹಳ್ಳಿಯಿಂದ ಕೆಂಗೇರಿಗೆ ಹೋಗುವ ಮೆಟ್ರೋದಲ್ಲೇ ಓದಿ ಮುಗಿಸಿದೆ. ಮನೆಗೆ ಬೆಂಕಿ ಬಿದ್ದ ದಿನ ಅಣ್ಣತಮ್ಮಂದಿರಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಗೊತ್ತಾಗುತ್ತದೆ. ಪುಟ್ಟುವಿನ ಓದು ಪುಟ್ಟುವಿಗೆ ಮಾತ್ರ. ಮನೆಯವರಿಗೆ ಆಗುವವನು ಮಾಧು. ಅಜ್ಜಿ ನನ್ನನ್ನು ಹಂಗಿಸಿರಲಿಲ್ಲ, ಬಡ್ತಿ ಕೊಟ್ಟಿದ್ದಳು.

ಇದನ್ನು ಬರೆದವರು ಶಾಲೆಯಲ್ಲಿ ಫೇಲಾಗಿ ಹೊಟ್ಟೆ ಉರಿಸಿಕೊಂಡವರಿರಬೇಕು ಎಂದುಕೊಂಡಿದ್ದೆ. ಅವರ ಜೀವನ ಓದಿದಾಗ ತಲೆಕೆಳಗಾಯಿತು. ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ. ತಂದೆ ಪರಮಶಿವ ಅಯ್ಯರ್ ನ್ಯಾಯಾಧೀಶರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಿ, ಅದರಲ್ಲೇ ಮುಂದೆ ಕಲಿಯಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. ಅಂದರೆ ಕೈಲಾಸಂ ಅಪ್ಪಟ ಪುಟ್ಟು! ಅಲ್ಲಿ ಕಲ್ಲುಮಣ್ಣಿನ ಪಾಠದ ಜೊತೆಗೆ ಇಂಗ್ಲಿಷ್ ರಂಗಭೂಮಿಯ ರುಚಿಯೂ ಹತ್ತಿತು. ಊರಿಗೆ ಮರಳಿ ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷ ದುಡಿದು, ಕೆಲಸ ಬಿಟ್ಟು ನಾಟಕಕ್ಕೆ ಇಳಿದರು.

ಆ ಕಾಲದ ಕಂಪನಿ ನಾಟಕಗಳಲ್ಲಿ ರಾಜರು, ದೇವತೆಗಳು, ರಾತ್ರಿಯೆಲ್ಲ ಹಾಡು. ಕೈಲಾಸಂ ಅವರು ಮಧ್ಯಮ ವರ್ಗದ ಮನೆಯ ನಡುಮನೆಯನ್ನೇ ರಂಗದ ಮೇಲೆ ತಂದಿಟ್ಟರು. ಕಿರೀಟದ ಜಾಗಕ್ಕೆ ವಕೀಲರ ಪೇಟ ಬಂತು. ಯುದ್ಧದ ಜಾಗಕ್ಕೆ ಗಂಡಹೆಂಡಿರ ವಾಗ್ವಾದ ಬಂತು. ಮಾತು ಕೂಡ ಗ್ರಾಂಥಿಕವಲ್ಲ. ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲ ಸೇರಿಸಿ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಆಡುತ್ತಿದ್ದ ಅದೇ ಮಾತು. ನಾವು ಈಗ ಕ್ಯಾಂಟೀನಿನಲ್ಲಿ ಆಡುವ ಕಂಗ್ಲಿಷ್‌ಗೆ ನೂರು ವರ್ಷದ ವಂಶಾವಳಿ ಇದೆ ಎಂದು ತಿಳಿದು ಖುಷಿಯಾಯಿತು. 'ಬಂಡ್ವಾಳ್ವಿಲ್ಲದ ಬಡಾಯಿ'ಯ ಲಾಯರ್ ಅಹೋಬ್ಲುವಿನ ಜಂಬ ಓದುವಾಗ, ಪ್ಲೇಸ್‌ಮೆಂಟ್‌ಗೆಂದು ನಾನು ಸಿದ್ಧಪಡಿಸಿದ್ದ ರೆಸ್ಯೂಮೆ ನೆನಪಾಯಿತು. ಒಂದು ಸಂಜೆ ಹೇಗೋ ಓಡಿಸಿದ ಪ್ರಾಜೆಕ್ಟ್‌ಗೆ ನಾಯಕತ್ವದ ಅನುಭವ ಎಂದು ಬರೆದಿದ್ದೆ. ಅದನ್ನು ಆ ರಾತ್ರಿಯೇ ಅಳಿಸಿದೆ.

ಕೈಲಾಸಂ ಅವರು ಕೂತು ಬರೆಯುವವರಲ್ಲ. ಸಿಗರೇಟು ಸೇದುತ್ತಾ ಪಾತ್ರಗಳ ಮಾತನ್ನೆಲ್ಲ ಹೇಳಿಕೊಂಡು ಹೋದರೆ ಗೆಳೆಯರು, ಶಿಷ್ಯರು ಬರೆದುಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲೂ ನಾಟಕ ರಚಿಸಿದರು. ಅಲ್ಲಿ ಅವರು ಆರಿಸಿಕೊಂಡವರು ಕರ್ಣ, ಏಕಲವ್ಯ, ಕೀಚಕ. ಗೆದ್ದ ಅರ್ಜುನನಿಗಿಂತ ಗುರು ಕಲಿಸಲು ಒಪ್ಪದ ಹುಡುಗನ ಮೇಲೆ ಅವರಿಗೆ ಅಕ್ಕರೆ. ಮಾಧುವನ್ನು ಕಂಡ ಕಣ್ಣೇ ಏಕಲವ್ಯನನ್ನೂ ಕಂಡಿತು ಎಂದು ನನಗನ್ನಿಸಿತು. ಜನ ಅವರನ್ನು ಪ್ರಹಸನ ಪ್ರಪಿತಾಮಹ ಎಂದು ಕರೆದರು. 1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ, 1946ರ ನವೆಂಬರ್‌ನಲ್ಲಿ, ತೀರಿಕೊಂಡರು.

ಇಷ್ಟೆಲ್ಲ ಓದಿದ ಮೇಲೆ ಒಂದು ರಾತ್ರಿ ಅಮ್ಮನಿಗೆ ಬಟ್ಟಲಲ್ಲಿ ಸಾರು ಕೊಡುತ್ತಾ ದೊಡ್ಡ ಭಾಷಣ ಬಿಗಿದೆ. ಅಂಕಪಟ್ಟಿಯಲ್ಲಿ ಏನೂ ಇಲ್ಲ, ಕೈಲಾಸಂ ಸರ್ಕಾರಿ ನೌಕರಿಯನ್ನೇ ಬಿಟ್ಟರು, ಹೀಗೆ. ಅಮ್ಮ ಸಾರು ಕುಡಿದು, ಅವರು ಬಿಟ್ಟಿದ್ದು ಪಾಸಾದ ಮೇಲೆ ಅಲ್ಲವೇನೋ ಎಂದು ಕೇಳಿದಳು. ಅಜ್ಜಿ ಇನ್ನೊಂದು ಸೇರಿಸಿದಳು. ಅಷ್ಟು ಚೆನ್ನಾಗಿ ಮನೆಮಂದಿಯ ಕಥೆ ಕಟ್ಟಿದ ಮನುಷ್ಯ ತಾವು ಮಾತ್ರ ಸಂಸಾರದಿಂದ ದೂರವೇ ಬದುಕಿದರಂತೆ. ನಗಿಸುವವರ ಮನೆಯಲ್ಲಿ ಎಲ್ಲರೂ ನಗುತ್ತಿರುತ್ತಾರೆ ಎಂದೇನಿಲ್ಲ ಅಂದಳು. ನನ್ನ ಭಾಷಣ ಅಲ್ಲಿಗೆ ನಿಂತಿತು.

ಆದರೂ ನನಗೆ ಕೈಲಾಸಂ ಬೇಕಾದರು. ಫೇಲಾದ ವಾರದಲ್ಲಿ ನಮ್ಮಂಥವರಿಗೆ ಯಾರೂ ಬೇಡ ಅನ್ನಿಸುತ್ತದೆ. ಗೆಳೆಯರ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಲೂ ಸಂಕಟ. ಆ ದಿನಗಳಲ್ಲಿ ನನ್ನನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಿದ್ದು ಅಪ್ಪನ ಡಬ್ಬಿ. ಕುಕ್ಕರ್ ಮೂರು ಸಲ ಕೂಗುವ ತನಕ ಒಂದು ಗಣಿತದ ಲೆಕ್ಕ, ಬೇಳೆ ಮಸೆದು ಒಗ್ಗರಣೆ ಹಾಕಿದ ಮೇಲೆ ಇನ್ನೊಂದು. ಲೆಕ್ಕ ತಪ್ಪಿದ ದಿನವೂ ಸಾರು ಸರಿಯಾಗಿರುತ್ತಿತ್ತು. ದಿನಕ್ಕೊಂದಾದರೂ ಸರಿಯಾಗುತ್ತದಲ್ಲ ಎಂಬ ಧೈರ್ಯದಲ್ಲೇ ಪರೀಕ್ಷೆಗೆ ಕೂತೆ.

ಅಮ್ಮನ ಪ್ಲಾಸ್ಟರ್ ಬಿಚ್ಚಿ ತಿಂಗಳಾಯಿತು. ಅಡುಗೆಮನೆ ಮತ್ತೆ ಅವಳ ಕೈಗೆ ಹೋಗಿದೆ. ಭಾನುವಾರದ ಸಾರು ಮಾತ್ರ ನನ್ನದೇ. ಫಲಿತಾಂಶ ಇನ್ನೂ ಬಂದಿಲ್ಲ. ಪಾಸಾದರೆ ಮತ್ತೆ ಪುಟ್ಟು ಅಂತ ಕರೆಯುತ್ತೀಯಾ ಎಂದು ಅಜ್ಜಿಯನ್ನು ಕೇಳಿದೆ. ಅವಳು ಯೋಚಿಸಿ, ಅದು ಭಾನುವಾರದ ಸಾರಿನ ಮೇಲೆ ನಿಂತಿದೆ ಅಂದಳು.